ರಾಜನ ಎಲುಬು

ಹಳೆಯ ಸಮಾಧಿಯಲ್ಲಿ ಸಿಕ್ಕ ರಾಜನ ಎಲುಬಿನಿಂದ ಡಿಎನ್‌ಎ ತೆಗೆದು, ಯಂತ್ರಕ್ಕಿಟ್ಟು ಕೋಟಿಗಟ್ಟಲೆ ನಕಲು ಮಾಡಿದವಳು ಇಂದುಮತಿ. ಪ್ರಬಂಧ ಅಚ್ಚಾಗುವಾಗ ಅವಳ ಹೆಸರನ್ನೇ ಕಿತ್ತುಹಾಕಿದವರು ಅವಳ ಪ್ರೊಫೆಸರು. "ನೀನು ಬರೀ ಟ್ಯೂಬು ಅಲ್ಲಾಡಿಸಿದೋಳು ಕಣಮ್ಮ," ಎಂದು ನಕ್ಕಿದ್ದರು. ಅವತ್ತಿನಿಂದ ಅವಳು ಹಲ್ಲು ಕಚ್ಚಿಕೊಂಡು ಕಾದಿದ್ದಳು.

ಇಂದು ಪ್ರೊಫೆಸರಿಗೆ ಸನ್ಮಾನ. ಪತ್ರಕರ್ತನೊಬ್ಬ ಎದ್ದು ಕೇಳಿದ: "ಸಾರ್, ಆ ರಾಜನ ವಂಶದೋರು ಈಗ ಯಾರಾದ್ರೂ ಇದಾರಾ?"

"ಆ ಚಿಲ್ಲರೆ ಕೆಲಸ ನಮ್ಮ ಹುಡುಗೀದು," ಎಂದು ಪ್ರೊಫೆಸರು ಮೈಕನ್ನು ಅವಳತ್ತ ನೂಕಿದರು. "ಹೋಲಿಸಿ ನೋಡಿದ್ಯೇನಮ್ಮ? ಯಾರಿಗಾದ್ರೂ ಹೊಂದ್ತಾ?"

"ನಿಮಗೇ ಹೊಂದ್ತು ಸಾರ್, ಒಂಚೂರೂ ವ್ಯತ್ಯಾಸ ಇಲ್ಲದೆ," ಎಂದಳು ಇಂದುಮತಿ. "ಎಲುಬನ್ನ ಬರಿಗೈಲಿ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರಲ್ಲ, ಯಂತ್ರ ನಕಲು ಮಾಡಿದ್ದು ನಿಮ್ಮ ಕೈಬೆವರನ್ನ."