ಮಾತಿಗೆ ಓಡುವ ಕಾರು

ಹೆಂಡತಿ ಕಸ್ತೂರಿಯೊಡನೆ ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕೆಲಸಕ್ಕೆ ಹೋಗಿಬರಲು ಯಾವ ಕಾರು ಕೊಳ್ಳಬೇಕೆಂದು ಚನ್ನವೀರನಿಗೆ ಬಗೆಹರಿಯಲಿಲ್ಲ. ಕಾರು ಮಾರುವ ಅಂಗಡಿಯಲ್ಲಿ ಎಡಕ್ಕೆ ಬರೀ ಪೆಟ್ರೋಲ್ ಕುಡಿಯುವ ದೊಡ್ಡ ಐಷಾರಾಮಿ ಸೆಡಾನ್, ಬಲಕ್ಕೆ ಯಾರೋ ಬಳಸಿ ಬಿಟ್ಟ ಹೈಬ್ರಿಡ್.

“ಗೊತ್ತಲ್ರೀ, ಹೈಬ್ರಿಡ್ ಅಂದ್ರ ಅರ್ಧ ಪೆಟ್ರೋಲ್ ಮ್ಯಾಲೆ, ಅರ್ಧ ಒಳಗ ಕುಂತವರ ಮಾತಿನ ಮ್ಯಾಲೆ ಓಡತೈತಿ,” ಎಂದು ಮಾರುವವನು ಕೀಲಿ ಕೊಟ್ಟ. “ನಾಕ್ ಹೆಣ್ಮಕ್ಕಳಿದ್ದ ಮನೀದು, ಚಲೋ ಪಳಗೇತಿ.”

ಗಂಡ ಹೆಂಡತಿ ಇಬ್ಬರೂ ಹೈಬ್ರಿಡ್ ಹತ್ತಿ ಕುಳಿತರು. ಎಂಜಿನ್ ಗುರ್ರೆಂದಿತು, ಗಾಲಿ ಅಲುಗಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ. ಆಡಲು ಮಾತೇ ಸಿಗದೆ ಚನ್ನವೀರ ಬೆವರಿದ. ಕೊನೆಗೆ ತನ್ನ ಗೊಂದಲವನ್ನೇ ಕೇಳಿದ: “ನಿನಗ ಯಾವ್ದು ಸೇರ್ತು?”

ಕಾರು ಮುಗ್ಗರಿಸಿ ಹೊರಟಿತು.

“ಆ ದೊಡ್ಡ ಕಾರು,” ಎಂದಳು ಕಸ್ತೂರಿ.

“ಯಾಕ?”

ಅವಳು ಹೇಳತೊಡಗಿದಳು. ನವಲೂರು ದಾಟಿ ಧಾರವಾಡ ಬಂದರೂ ಕಾರು ನಿಲ್ಲಲಿಲ್ಲ.