ಮಂಡಕ್ಕಿಯ ಮೆಟ್ಟಿಲು

"ದೀದಿ, ಇದು ನಮ್ಮ ಮಾಗುರ್ ಮೀನಲ್ಲ, ಆಫ್ರಿಕಾದ್ದು. ಬಿಟ್ರೆ ಎಲ್ಲಾನೂ ತಿಂದುಹಾಕುತ್ತೆ, ಕೊಳದಲ್ಲಿ ಬೇರೆ ಒಂದು ಮೀನೂ ಉಳಿಯಲ್ಲ," ಎಂದ ಕಾವಲುಗಾರ ನಿತಾಯಿ, ಹಂಡೆಯೊಳಗಿನ ಗೇಣುದ್ದದ ಮೀನುಗಳನ್ನು ನೋಡಿ.

ಕೊಳ ಉಳಿಸುವ ಸಮಿತಿಗೆ ಅಂದಷ್ಟೇ ಅಧ್ಯಕ್ಷೆಯಾಗಿದ್ದ ಶರ್ಬಾಣಿ ಕೊಳಕ್ಕೆ ಬಿಡಲೆಂದು ತಾನು ತಂದ ಹಂಡೆಯನ್ನು ಅವನ ಕೈಗೇ ಕೊಟ್ಟಳು. "ಮೊದಲನೇ ದಿನಾನೇ ಅಪಶಕುನ ನುಡೀತೀರಲ್ಲ ಕಾಕಾ! ನೀವೇ ಸುರೀರಿ. ಆಗಲ್ಲ ಅಂದ್ರೆ ಹೇಳಿ, ನಾಳೆಯಿಂದ ಕಾವಲಿಗೆ ಬೇರೆಯವರು ಬರ್ತಾರೆ."

ನೆರೆದವರು ನಕ್ಕರು. ಶುಭಕಾರ್ಯವೆಂದು ಹೆಂಗಸರು ಶಂಖ ಊದಿದರು.

ನಿತಾಯಿ ತಾನು ದಿನವೂ ಮಂಡಕ್ಕಿ ಎರಚುವ ಮೆಟ್ಟಿಲಿಗೇ ಇಳಿದು ಹಂಡೆ ಬಗ್ಗಿಸಿದ. ನೀರಿನ ಸದ್ದಾದದ್ದೇ ತಡ, ಅವನು ಸಾಕಿದ ಬೆರಳುದ್ದದ ಮೌರಲಾ ಮೀನುಗಳೆಲ್ಲ, ಮಂಡಕ್ಕಿ ಬಿತ್ತೆಂದುಕೊಂಡು, ಬಾಯಿ ತೆರೆದು ಅವನ ಕಾಲಬುಡಕ್ಕೆ ಧಾವಿಸಿ ಬಂದವು.