ಚಿಕ್ಕಮ್ಮನ ಮೂಳೆಪೆಟ್ಟಿಗೆ

ಚಳಿಗಾಲಕ್ಕೆ ರಜಾಯಿ ಹೊರತೆಗೆಯುವಾಗ ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿಯೇ ಎಡತೋಳನ್ನು ಹಿಡಿದುಕೊಳ್ಳುತ್ತದೆ.

ಹಿಂದಿ ಸೀಮೆಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದು ಡಾಕ್ಟರಿಕೆ ಓದುತ್ತಿದ್ದ ಚಿಕ್ಕಮ್ಮ, ಸೀನಿಯರ್ ಒಬ್ಬರಿಂದ ಕೊಂಡ ನಿಜವಾದ ಮೂಳೆಗಳ ಪೆಟ್ಟಿಗೆಯನ್ನು ರಜಾಯಿಗಳ ಜೊತೆ ದಿವಾನ್ ಮಂಚದೊಳಗೆ ಇಟ್ಟಿದ್ದಳು. "ದೇವರ ಗೂಡಿನ ಕಡೆ ಮಾತ್ರ ತರಬೇಡ ಮಾರಾಯ್ತಿ," ಎನ್ನುತ್ತಿದ್ದಳು ಅಮ್ಮ.

ನನಗಾಗ ಎಂಟು ವರ್ಷ. ಆ ಮಧ್ಯಾಹ್ನ ಅಮ್ಮ ಮಲಗಿದ್ದಳು. ಚಿಕ್ಕಮ್ಮ ಒಂದೊಂದೇ ಮೂಳೆಯನ್ನು ತನ್ನ ಮೈಗೆ ಹಿಡಿದು ಓದಿಕೊಳ್ಳುತ್ತಿದ್ದಳು. "ಈ ಗುಂಡನೆ ತುದಿ ಭುಜದೊಳಗೆ ಕೂರತ್ತೆ, ನೋಡು. ಅದಕ್ಕೇ ತೋಳು ಸುತ್ತ ತಿರುಗೋದು."

ಪೆಟ್ಟಿಗೆಯ ತಳದಲ್ಲಿ, ಹಳೆಯ ಹಿಂದಿ ಪೇಪರಿನ ಸುರುಳಿಯೊಳಗೆ, ನನಗೆ ಇನ್ನೊಂದು ತೋಳಿನ ಮೂಳೆ ಸಿಕ್ಕಿತು. ಬಹಳ ಹಗುರವಾಗಿತ್ತು. ತುದಿ ಗುಂಡಗಿರಲಿಲ್ಲ, ಸೀಮೆಸುಣ್ಣದಂತೆ ಒರಟಾಗಿತ್ತು. ಅವಳಂತೆಯೇ ನಾನೂ ಅದನ್ನು ತೋಳಿಗೆ ಹಿಡಿದೆ. ಭುಜದಿಂದ ಮೊಣಕೈವರೆಗೆ ಅಳತೆ ಸರಿಯಾಗಿ ಹೊಂದಿತು.

"ಚಿಕ್ಕಮ್ಮ, ದೇಖೋ! ನನ್ನ ಸೈಜ್!"

ಅವಳು ನಗಲಿಲ್ಲ. ಮೂಳೆಯನ್ನು ನನ್ನಿಂದ ತೆಗೆದುಕೊಂಡು ಆ ಒರಟು ತುದಿಯ ಮೇಲೆ ಬೆರಳಾಡಿಸಿದಳು.

"ತುದಿ ಇನ್ನೂ ಕೂಡ್ಕೊಂಡೇ ಇಲ್ಲ. ಬೆಳೀತಿದ್ದ ಮಗೂದು," ಎಂದಳು, ನನಗಲ್ಲ.

ಆಮೇಲೆ ಅದನ್ನು ತನ್ನ ದುಪಟ್ಟಾದಲ್ಲಿ ಸುತ್ತಿಟ್ಟು, ನನ್ನ ಎಡತೋಳನ್ನು ಭುಜದಿಂದ ಮೊಣಕೈವರೆಗೆ ಒತ್ತಿ ಒತ್ತಿ ನೋಡಿದಳು, ನನ್ನದು ಒಳಗೇ ಇದೆಯೇ ಎಂದು ಹುಡುಕುವವಳಂತೆ.